ಕ್ಲಬ್‌ನ ಎಸಿ ಎಎಂಸಿ (ವಾರ್ಷಿಕ ಮೆಂಟೆನೆನ್ಸ್ ಒಪ್ಪಂದ) ಮುಗಿಯುತ್ತಿದೆ, ಬ್ಯಾಂಕ್ವೆಟ್ ಹಾಲ್ ಬೆವರುತ್ತಿದೆ. ದಾರಿ ತೋರಿಸಿ

ಕಾರ್ಕಳ-ಚರ್ಚ್‌ಗೇಟ್
ಸೋಮವಾರ, ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ದಕ್ಷಿಣ ಮುಂಬೈಯ ಒಂದು ಹಳೇ ಕ್ಲಬ್‌ನಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಹನ್ನೊಂದು ವರ್ಷ ಆಯ್ತು. ಕ್ಲಬ್ಬಿನ ಹೆಸರು ಬೇಡ, ಕಂಟ್ರಾಕ್ಟರ್ ಹೆಸರೂ ಬೇಡ. ನನಗೆ ಬೇಕಿರುವುದು ಸಲಹೆ ಅಷ್ಟೇ.

ನಮ್ಮಲ್ಲಿ 80 ಟನ್‌ನ ಎರಡು ವಾಟರ್ ಕೂಲ್ಡ್ ಚಿಲ್ಲರ್ ಇವೆ, ಅಂದರೆ ಎಸಿಗೆ ಬೇಕಾದ ನೀರು ತಣಿಸುವ ಮಷಿನ್ (ಟನ್ ಅನ್ನುವುದು ತಣಿಸುವ ಶಕ್ತಿಯ ಅಳತೆ). ಒಂದು ಓಡುತ್ತದೆ, ಇನ್ನೊಂದು ಸ್ಟ್ಯಾಂಡ್‌ಬೈ. ಟೆರೇಸ್ ಮೇಲೆ ಅವುಗಳ ಶಾಖ ಹೊರಹಾಕುವ ಕೂಲಿಂಗ್ ಟವರ್. ಆ ತಣ್ಣೀರಿನಿಂದ ಗಾಳಿ ತಣಿಸಿ ರೂಮುಗಳಿಗೆ ಬಿಡುವ ಎಎಚ್‌ಯು ಒಟ್ಟು ಆರು. ಗೆಸ್ಟ್ ರೂಮು, ಆಫೀಸು ಸೇರಿ 14 ಸ್ಪ್ಲಿಟ್. ಲಾಕರ್ ರೂಮಿನ ಸ್ನಾನದ ನೀರಿಗೆ ಹೀಟ್ ಪಂಪ್ (ಸುತ್ತಲಿನ ಶಾಖ ಎಳೆದು ನೀರು ಕಾಯಿಸುವ ಮಷಿನ್). ಕೆಳಗಡೆ 250 ಜನ ಕೂರುವ ಬ್ಯಾಂಕ್ವೆಟ್ ಹಾಲ್, ಅದರ ಬೆನ್ನಿಗೇ ಅಡುಗೆಮನೆ. ಮೇಲೆ ಬಾರ್, ಕಾರ್ಡ್ ರೂಮ್, ಲೈಬ್ರರಿ.

ಕಳೆದ ವಾರ ಒಂದು ರಿಸೆಪ್ಷನ್ ಇತ್ತು. ಹೊರಗೆ ಜೋರು ಮಳೆ. ರಾತ್ರಿ ಎಂಟು ಗಂಟೆಗೆ ಸರಿಯಾಗಿ ಸೀಲಿಂಗಿನ ಗ್ರಿಲ್‌ನಿಂದ ಹನಿ ಬೀಳಲು ಶುರುವಾಯಿತು. ಮದುಮಗಳ ತಾಯಿಯ ರೇಷ್ಮೆ ಸೀರೆ ಮೇಲೆ ಬಿತ್ತು. ನಾನೇ ಏಣಿ ಹತ್ತಿ ಬಟ್ಟೆಯಲ್ಲಿ ಒರೆಸಿದೆ. ಐದು ನಿಮಿಷ ಆಗಿರಲಿಲ್ಲ, ಗ್ರಿಲ್‌ನ ಒಂದೊಂದು ಪಟ್ಟಿಯ ಅಂಚಿನಲ್ಲೂ ಸಾಲಾಗಿ ಮತ್ತೆ ಹನಿ ಕಟ್ಟಿತ್ತು. ಹಾಲ್‌ನಲ್ಲಿ 21 ಡಿಗ್ರಿ ತೋರಿಸುತ್ತಿತ್ತು. ಆದರೂ ಜನ ಕತ್ತು ಒರೆಸಿಕೊಳ್ಳುತ್ತಿದ್ದರು. ಮೇಲೆ ಕಾರ್ಡ್ ರೂಮಿನಲ್ಲಿ ಇಸ್ಪೀಟು ಎಲೆಗಳು ಒಂದಕ್ಕೊಂದು ಅಂಟುತ್ತಿವೆ ಅಂತ ಹಿರಿಯ ಮೆಂಬರೊಬ್ಬರು ಕರೆದು ತೋರಿಸಿದರು.

ಮರುದಿನ ಕಂಟ್ರಾಕ್ಟರ್ ಹುಡುಗರು ಬಂದರು. ಗ್ಯಾಸ್ ಕಮ್ಮಿ ಅಂದರು, ಹಾಕಿದರು, ಬಿಲ್ ಕೊಟ್ಟರು. ಈ ವರ್ಷ ಇದು ಮೂರನೇ ಸಲ. ಹನಿ ನಿಂತಿಲ್ಲ.

ತಿಂಗಳ ಕೊನೆಗೆ ಎಎಂಸಿ ಮುಗಿಯುತ್ತದೆ. ಮೂರು ಕೊಟೇಶನ್ ಬಂದಿವೆ. ಮೂರರಲ್ಲೂ ಒಂದೇ ಸಾಲು: ವರ್ಷಕ್ಕೆ 12 ವಿಸಿಟ್, ಬ್ರೇಕ್‌ಡೌನ್ ಕಾಲ್ ಎಷ್ಟು ಬೇಕಾದರೂ. ಕಮಿಟಿಯವರು ಯಾರದ್ದು ಕಡಿಮೆಯೋ ಅವರಿಗೇ ಕೊಡಿ ಅಂತಾರೆ. ಏನು ನೋಡಿ ಆರಿಸಲಿ? ಮತ್ತೆ ಈ ಹನಿ ಯಾಕೆ?


ಚಿಲ್ಲರ್ ಮಾಮ, ಡೊಂಬಿವಲಿ
ಸೋಮವಾರ, ರಾತ್ರಿ 11:35

ತಮ್ಮಾ, ಮೊದಲು ಗ್ಯಾಸಿನ ವಿಷಯ. ಅದು ಸ್ಕೂಟರಿನ ಪೆಟ್ರೋಲ್ ಅಲ್ಲ, ಓಡಿದಷ್ಟೂ ಖರ್ಚಾಗಲು. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸು ಸುತ್ತುತ್ತಲೇ ಇರುತ್ತದೆ. ವರ್ಷಕ್ಕೆ ಮೂರು ಸಲ ಕಮ್ಮಿ ಆಯಿತು ಅಂದರೆ ಎಲ್ಲೋ ಸೋರುತ್ತಿದೆ. ಇಲ್ಲ ಅಂದರೆ ಹಾಕಿದೆವು ಅನ್ನುವುದೇ ಸುಳ್ಳು. ಸಿಲಿಂಡರನ್ನು ತಕ್ಕಡಿ ಮೇಲೆ ಇಟ್ಟು, ಹಾಕುವ ಮುಂಚೆ ಒಂದು ಸಲ, ಹಾಕಿದ ಮೇಲೆ ಒಂದು ಸಲ ತೂಗಿದರೆ ಎಲ್ಲ ಗೊತ್ತಾಗುತ್ತದೆ. ನಿನ್ನೆದುರು ಯಾರಾದರೂ ತೂಗಿದ್ದಾರಾ?

ಸೋರಿಕೆ ಇದ್ದರೆ ಮಾಡಬೇಕಾದ ಕೆಲಸವೇ ಬೇರೆ. ನೈಟ್ರೋಜನ್ ತುಂಬಿ ಪ್ರೆಶರ್ ನಿಲ್ಲುತ್ತದಾ ನೋಡಬೇಕು. ಜಾಯಿಂಟಿಗೆಲ್ಲ ಸೋಪಿನ ನೊರೆ ಹಚ್ಚಿ ಗುಳ್ಳೆ ಹುಡುಕಬೇಕು. ಬೆಸುಗೆ ಹಾಕಬೇಕು. ವ್ಯಾಕ್ಯೂಮ್ ಎಳೆಯಬೇಕು. ಆಮೇಲೆ ತೂಗಿ ಗ್ಯಾಸ್. ಇದಕ್ಕೆ ಒಂದು ದಿನ ಪೂರ್ತಿ ಬೇಕು. ಮೇಲಿಂದ ಮೇಲೆ ಹಾಕಿ ಹೋಗಲು ಅರ್ಧ ಗಂಟೆ ಸಾಕು. ನಿಮ್ಮ ಚಿಲ್ಲರ್ ಆರ್-407ಸಿ ಆಗಿದ್ದರೆ ಇನ್ನೂ ಕಷ್ಟ. ಅದು ಮೂರು ಗ್ಯಾಸಿನ ಮಿಶ್ರಣ. ಸೋರುವಾಗ ಮೂರೂ ಒಂದೇ ಅಳತೆಯಲ್ಲಿ ಸೋರುವುದಿಲ್ಲ. ಮೇಲಿಂದ ಹಾಕುತ್ತಾ ಹೋದರೆ ಒಳಗೆ ಇರುವ ಮಿಶ್ರಣವೇ ಕೆಡುತ್ತದೆ.

ಆದರೆ ನಿನ್ನ ಹನಿಗೂ ಗ್ಯಾಸಿಗೂ ಸಂಬಂಧ ಇಲ್ಲ ಅಂತ ನನಗೆ ಅನಿಸುತ್ತಿದೆ. ನಾಳೆ ಚಿಲ್ಲರ್‌ಗೆ ಹೋಗುವ ನೀರು, ಬರುವ ನೀರು ಎಷ್ಟು ಡಿಗ್ರಿ ನೋಡು. ಹಾಲ್‌ನ ಎಎಚ್‌ಯುನಿಂದ ಹೊರಡುವ ಗಾಳಿ ಎಷ್ಟು ಡಿಗ್ರಿ ನೋಡು. ಹಾಲ್ ಒಳಗೆ ತೇವ ಎಷ್ಟು ಅಂತಲೂ ಬೇಕು. ಸಣ್ಣ ಮೀಟರ್ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತದೆ, ದುಬಾರಿ ಏನಲ್ಲ. ಅಂಕಿ ಇಲ್ಲದೆ ಮಾತಾಡುವುದು ಬೇಡ.


ಕಾರ್ಕಳ-ಚರ್ಚ್‌ಗೇಟ್
ಮಂಗಳವಾರ, ಸಂಜೆ 7:10

ಮಾಮ, ತೂಗಿದ್ದು ಒಂದು ಸಲವೂ ನೋಡಿಲ್ಲ. ಸರ್ವಿಸ್ ರಿಪೋರ್ಟಿನಲ್ಲಿ ಕೇವಲ ಗ್ಯಾಸ್ ಚಾರ್ಜ್ಡ್ ಅಂತ ಇದೆ, ಎಷ್ಟು ಕಿಲೋ ಅಂತ ಇಲ್ಲ.

ಇವತ್ತು ಮಧ್ಯಾಹ್ನದ ಅಂಕಿ: ಚಿಲ್ಲರ್‌ನಿಂದ ಹೊರಡುವ ನೀರು 7.5, ವಾಪಸ್ ಬರುವುದು 11.5. ಹಾಲ್‌ಗೆ ಬರುವ ಗಾಳಿ 13. ಮೀಟರ್ ತಂದೆ. ಹಾಲ್‌ನಲ್ಲಿ 21 ಡಿಗ್ರಿ, ತೇವ 78 ಪರ್ಸೆಂಟ್. ಕಾರ್ಡ್ ರೂಮಿನಲ್ಲಿ 74.


ಥಾಣೆ ಡಿಸೈನರ್
ಮಂಗಳವಾರ, ರಾತ್ರಿ 8:25

ನಾನು ಕ್ಲಬ್, ಹೋಟೆಲ್‌ಗಳ ಎಚ್‌ವಿಎಸಿ, ಅಂದರೆ ಎಸಿ ಮತ್ತು ಗಾಳಿ ವ್ಯವಸ್ಥೆಯ ಡಿಸೈನ್ ಮಾಡುತ್ತೇನೆ. ಮಾಮ ಹೇಳಿದ್ದು ಸರಿ. ನೀರು 7.5ಕ್ಕೆ ಹೊರಡುತ್ತಿದೆ, ಗಾಳಿ 13ಕ್ಕೆ ಬರುತ್ತಿದೆ ಅಂದರೆ ಮಷಿನ್ ತನ್ನ ಕೆಲಸ ಮಾಡುತ್ತಿದೆ. ತಪ್ಪು ಬೇರೆ ಕಡೆ ಇದೆ.

21 ಡಿಗ್ರಿಯಲ್ಲಿ 78 ಪರ್ಸೆಂಟ್ ತೇವ ಇದ್ದರೆ ಆ ಗಾಳಿಯ ಡ್ಯೂ ಪಾಯಿಂಟ್ ಸುಮಾರು 17 ಡಿಗ್ರಿ. ಅಂದರೆ 17ಕ್ಕಿಂತ ತಣ್ಣಗಿರುವ ಯಾವುದೇ ವಸ್ತು ಮುಟ್ಟಿದರೂ ನೀರು ಬಿಡುತ್ತದೆ. ನಿಮ್ಮ ಗ್ರಿಲ್ 13, 14ರಲ್ಲಿದೆ. ಹನಿ ಬೀಳದೆ ಇನ್ನೇನು? ಫ್ರಿಜ್‌ನಿಂದ ತೆಗೆದ ಬಾಟಲಿ ಬೆವರುತ್ತದಲ್ವಾ, ಅದೇ ಇದು. ಹಾಲ್ 24 ಡಿಗ್ರಿ, 55 ಪರ್ಸೆಂಟ್ ಇದ್ದಿದ್ದರೆ ಡ್ಯೂ ಪಾಯಿಂಟ್ 14ರ ಹತ್ತಿರ ಇರುತ್ತಿತ್ತು. ಇದೇ ಗ್ರಿಲ್ ಹೆಚ್ಚು ಕಡಿಮೆ ಒಣಗಿರುತ್ತಿತ್ತು. ಜನಕ್ಕೂ ಹಾಯಾಗಿರುತ್ತಿತ್ತು. ಮೈ ಬೆವರು ಆರುವುದು ಗಾಳಿ ಒಣಗಿದ್ದರೆ ಮಾತ್ರ, ಬರೀ ತಣ್ಣಗಿದ್ದರೆ ಸಾಲದು.

ಹಾಗಾದರೆ ಇಷ್ಟು ನೀರು ಎಲ್ಲಿಂದ ಬಂತು? ಹೊರಗಿಂದ. ಜುಲೈಯ ಮುಂಬೈ ಗಾಳಿ 29 ಡಿಗ್ರಿ, 85 ಪರ್ಸೆಂಟ್ ಅಂತ ಇಟ್ಟುಕೊಳ್ಳಿ. ಅದರ ಒಂದೊಂದು ಕಿಲೋದಲ್ಲಿ ಸುಮಾರು 21 ಗ್ರಾಂ ನೀರು ಇರುತ್ತದೆ. ನಮಗೆ ಒಳಗೆ ಬೇಕಿರುವುದು 10 ಗ್ರಾಂ. ಲೆಕ್ಕ ಹಾಕಿದರೆ, 1000 ಸಿಎಫ್‌ಎಂ (ನಿಮಿಷಕ್ಕೆ 1000 ಘನ ಅಡಿ) ಹೊರಗಾಳಿ ಕಟ್ಟಡದೊಳಗೆ ನುಗ್ಗಿದರೆ ಗಂಟೆಗೆ ಹತ್ತಿರ ಹತ್ತಿರ 20 ಲೀಟರ್ ನೀರು ಅದರ ಜತೆ ಬರುತ್ತದೆ. ಆಫೀಸಿನಲ್ಲಿ ತಲೆಕೆಳಗಾಗಿ ಇಡುವ ಕುಡಿಯುವ ನೀರಿನ ಕ್ಯಾನ್ ಇದೆಯಲ್ಲ, ಅಂಥ ಒಂದು ಕ್ಯಾನನ್ನು ಗಂಟೆಗೊಮ್ಮೆ ಹಾಲ್‌ನಲ್ಲಿ ಸುರಿದ ಹಾಗೆ. ಅದನ್ನು ಒಣಗಿಸೋಕೇ ಸುಮಾರು 4 ಟನ್ ಕೂಲಿಂಗ್ ಹೋಗುತ್ತದೆ.

ಈಗ ಹೇಳಿ, ನಿಮ್ಮ ಅಡುಗೆಮನೆಯ ಎಕ್ಸಾಸ್ಟ್ ಎಷ್ಟು ಸಿಎಫ್‌ಎಂ? ಅದಕ್ಕೆ ಜೋಡಿಯಾಗಿ ಫ್ರೆಶ್ ಏರ್ ಬ್ಲೋಯರ್ ಇದೆಯಾ? ಅದು ಓಡುತ್ತಿದೆಯಾ?


ಮಾಟುಂಗಾ ಅಡುಗೆಮನೆ
ಮಂಗಳವಾರ, ರಾತ್ರಿ 11:50

ಈ ಪ್ರಶ್ನೆಗೆ ಉತ್ತರ ಅವರು ಹೇಳುವ ಮುಂಚೆ ನಾನು ಹೇಳಿಬಿಡುತ್ತೇನೆ ಮಾರಾಯ್ರೇ. ಓಡುತ್ತಿರಲಿಕ್ಕಿಲ್ಲ.

ನಾನು ಉಡುಪಿ ಕಡೆಯವ. ಇಪ್ಪತ್ತೆರಡು ವರ್ಷದಿಂದ ಮುಂಬೈಯಲ್ಲಿ ಅಡುಗೆ ಕೆಲಸ, ಅದರಲ್ಲಿ ಒಂಬತ್ತು ವರ್ಷ ಒಂದು ಜಿಮ್ಖಾನಾದ ಕೇಟರಿಂಗ್. ಒಲೆ ಮೇಲೆ ಹುಡ್ ಇರುತ್ತದೆ, ಅದು ಹೊಗೆ, ಆವಿ ಎಳೆದು ಹೊರಗೆ ಹಾಕುತ್ತದೆ. ಎಳೆದಷ್ಟು ಗಾಳಿ ಒಳಗೆ ಬರಲಿ ಅಂತ ಇನ್ನೊಂದು ಬ್ಲೋಯರ್ ಇಟ್ಟಿರುತ್ತಾರೆ. ಅದರ ಬಾಯಿ ಬಹಳ ಕಡೆ ದೋಸೆ ಕಾವಲಿ ಮುಂದೆ ನಿಂತವನ ಕತ್ತಿನ ಮೇಲೇ ಇರುತ್ತದೆ. ಮೇ ತಿಂಗಳಲ್ಲಿ ಬಿಸಿಗಾಳಿ, ಮಳೆಗಾಲದಲ್ಲಿ ಒದ್ದೆಗಾಳಿ. ಆರು ಗಂಟೆ ಅಲ್ಲಿ ನಿಂತವನಿಗೆ ಗೊತ್ತು ಆ ಕಷ್ಟ. ಅಡುಗೆಯವರು ಸ್ವಿಚ್ ಆಫ್ ಮಾಡುತ್ತಾರೆ. ಅವರದು ತಪ್ಪು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಆದರೆ ಎಕ್ಸಾಸ್ಟ್ ನಿಲ್ಲುವುದಿಲ್ಲವಲ್ಲ. ಅದಕ್ಕೆ ಗಾಳಿ ಎಲ್ಲಿಂದಾದರೂ ಬೇಕು. ಊಟದ ಹಾಲ್‌ನ ತಂಪು ಗಾಳಿಯನ್ನು ಸರ್ವಿಸ್ ಬಾಗಿಲಿನಿಂದ ಎಳೆದುಕೊಳ್ಳುತ್ತದೆ. ಹಾಲ್‌ನಲ್ಲಿ ಕಮ್ಮಿ ಆದ ಗಾಳಿ ಮುಂದಿನ ಪೋರ್ಚ್ ಬಾಗಿಲಿನಿಂದ ಬರುತ್ತದೆ, ಮಳೆ ಸಮೇತ. ನಮ್ಮಲ್ಲಿ ಸರ್ವಿಸ್ ಬಾಗಿಲು ತಳ್ಳಿದರೆ ತಾನಾಗಿ ಮುಚ್ಚುತ್ತಿರಲಿಲ್ಲ, ಅಡುಗೆಮನೆ ಕಡೆಗೇ ಎಳೆದುಕೊಂಡು ನಿಲ್ಲುತ್ತಿತ್ತು. ಟ್ರೇ ಹಿಡಿದ ಹುಡುಗರು ಭುಜದಿಂದ ಒತ್ತಿ ಹೋಗಬೇಕಿತ್ತು. ನಿಮ್ಮ ಬಾಗಿಲು ಹೇಗಿದೆ ನೋಡಿ.


ಚಿಲ್ಲರ್ ಮಾಮ, ಡೊಂಬಿವಲಿ
ಬುಧವಾರ, ಬೆಳಿಗ್ಗೆ 6:15

ಅಡುಗೆಮನೆಯವರು ಹೇಳಿದ್ದು ನೂರಕ್ಕೆ ನೂರು. ತಮ್ಮಾ, ಒಂದು ಊದುಬತ್ತಿ ಹಚ್ಚಿಕೋ. ಎಕ್ಸಾಸ್ಟ್ ಓಡುವಾಗ ಪೋರ್ಚ್ ಬಾಗಿಲನ್ನು ನಾಲ್ಕು ಬೆರಳು ತೆರೆದು ಆ ಸಂದಿಯಲ್ಲಿ ಹಿಡಿ. ಹೊಗೆ ಯಾವ ಕಡೆ ಹೋಗುತ್ತದೆ ನೋಡು. ಆಮೇಲೆ ಸರ್ವಿಸ್ ಬಾಗಿಲಲ್ಲಿ. ಆಮೇಲೆ ಕಾರ್ಡ್ ರೂಮಿನ ಕಿಟಕಿ ಸಂದಿಯಲ್ಲಿ. ಈ ಪರೀಕ್ಷೆಗೆ ಯಾವ ಮಷಿನೂ ಬೇಡ.


ಖಜಾಂಚಿ, ಮುಲುಂಡ್
ಬುಧವಾರ, ಬೆಳಿಗ್ಗೆ 9:30

ನಾನು ಕಮಿಟಿ ಕಡೆಯ ಮಾತು ಹೇಳುತ್ತೇನೆ. ಬೇರೊಂದು ಕ್ಲಬ್‌ನಲ್ಲಿ ಎರಡು ಅವಧಿ ಖಜಾಂಚಿ ಆಗಿದ್ದೆ. ಕಡಿಮೆ ರೇಟಿನವರಿಗೆ ಯಾಕೆ ಕೊಡುತ್ತೇವೆ ಗೊತ್ತಾ? ಮೂರು ಕೊಟೇಶನ್ ಮುಂದಿಟ್ಟಾಗ ನಮಗೆ ಅರ್ಥವಾಗುವ ವ್ಯತ್ಯಾಸ ಹಣ ಒಂದೇ. ಉಳಿದದ್ದೆಲ್ಲ ಒಂದೇ ಥರ ಬರೆದಿರುತ್ತದೆ. ಜಾಸ್ತಿ ಕೊಟ್ಟರೆ ವಾರ್ಷಿಕ ಸಭೆಯಲ್ಲಿ ಮೆಂಬರು ಎದ್ದು ನಿಂತು ಯಾಕೆ ಅಂತ ಕೇಳುತ್ತಾರೆ. ಆಗ ನಮ್ಮ ಕೈಯಲ್ಲಿ ಉತ್ತರ ಇರಬೇಕು.

ಆದ್ದರಿಂದ ನೀವು ಕಮಿಟಿಗೆ ಹೋಗುವಾಗ ಕೊಟೇಶನ್ ಹೋಲಿಸುವುದರ ಮುಂಚೆ ನಿಮಗೆ ಏನು ಕೆಲಸ ಬೇಕು ಅಂತ ನೀವೇ ಬರೆದು, ಅದಕ್ಕೆ ಮೂವರಿಂದಲೂ ರೇಟ್ ಕೇಳಿ. ಆಗ ಕಡಿಮೆ ರೇಟಿನವನಿಗೆ ಕೊಟ್ಟರೂ ನಷ್ಟ ಇಲ್ಲ.

ನನ್ನದೂ ಒಂದು ಪ್ರಶ್ನೆ ಇದೆ. ನಮ್ಮ ಲೈಬ್ರರಿ ಎಎಚ್‌ಯು ಬಿಲ್‌ನಲ್ಲಿ ಹೀಟರ್ ಬ್ಯಾಂಕ್ ಸರ್ವಿಸ್ ಅಂತ ಬರುತ್ತಿತ್ತು. ಮುಂಬೈಯಲ್ಲಿ ಹೀಟರ್ ಯಾಕೆ ಅಂತ ನಾನೇ ಅದನ್ನು ಹೊಡೆದು ಹಾಕಿಸಿದೆ. ಮರುವರ್ಷ ಪುಸ್ತಕಗಳಿಗೆ ಬೂಷ್ಟು ಹಿಡಿಯಿತು. ಎರಡಕ್ಕೂ ಸಂಬಂಧ ಇದೆಯಾ?


ಥಾಣೆ ಡಿಸೈನರ್
ಬುಧವಾರ, ಮಧ್ಯಾಹ್ನ 1:40

ಇದೆ ಸರ್. ಗಾಳಿಯಿಂದ ನೀರು ತೆಗೆಯಬೇಕಾದರೆ ಅದನ್ನು 12, 13 ಡಿಗ್ರಿವರೆಗೆ ತಣಿಸಬೇಕು. ಮಳೆಗಾಲದಲ್ಲಿ ಲೈಬ್ರರಿಯಲ್ಲಿ ಕೂರುವವರು ಇಬ್ಬರೋ ಮೂವರೋ. ಬಿಸಿಲೂ ಇಲ್ಲ. ಅಷ್ಟು ತಣ್ಣನೆ ಗಾಳಿ ಬಿಟ್ಟರೆ ರೂಮು ಬೇಗ ತಣ್ಣಗಾಗುತ್ತದೆ, ಥರ್ಮೋಸ್ಟಾಟ್ ನೀರಿನ ವಾಲ್ವ್ ಮುಚ್ಚಿಬಿಡುತ್ತದೆ. ವಾಲ್ವ್ ಮುಚ್ಚಿತು ಅಂದರೆ ಒಣಗಿಸುವ ಕೆಲಸವೂ ನಿಂತಿತು. ಅದಕ್ಕೇ ತಣಿಸಿ ನೀರು ಹಿಂಡಿದ ಗಾಳಿಯನ್ನು ಸ್ವಲ್ಪ ಬೆಚ್ಚಗೆ ಮಾಡಿ ಒಳಗೆ ಬಿಡುತ್ತಾರೆ. ಆ ಹೀಟರ್ ನಿಮ್ಮ ಪುಸ್ತಕಗಳನ್ನು ಕಾಯುತ್ತಿತ್ತು. ಕರೆಂಟಿನ ಹೀಟರ್ ದುಬಾರಿ ಅನಿಸಿದರೆ ಹೀಟ್ ಪಂಪಿನ ಬಿಸಿನೀರನ್ನೇ ಒಂದು ಸಣ್ಣ ಕಾಯಿಲಿನಲ್ಲಿ ಹರಿಸಬಹುದು. ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ ಸಿಗುತ್ತದೆ.


ಫೋರ್ಟ್ ಪ್ರೆಸ್
ಬುಧವಾರ, ಸಂಜೆ 5:05

ನಾನು ಎಸಿ ಜನ ಅಲ್ಲ, ಮುದ್ರಣದವ. ಇಸ್ಪೀಟು ಎಲೆ ಅಂಟಿದ್ದು ಓದಿ ಬರೆಯಬೇಕು ಅನ್ನಿಸಿತು. ಮಳೆಗಾಲದಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತದೆ. ಮೊದಲ ಬಣ್ಣ ಒತ್ತಿ ಎರಡನೇ ಬಣ್ಣಕ್ಕೆ ಹಾಕುವಷ್ಟರಲ್ಲಿ ಅಳತೆ ತಪ್ಪಿರುತ್ತದೆ. 1902ರಲ್ಲಿ ವಿಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ತಮ್ಮ ಮೊದಲ ಯಂತ್ರ ರೂಪಿಸಿದ್ದು ಇದೇ ತೊಂದರೆಗೆ, ಒಂದು ಛಾಪಖಾನೆಗೆ. ಈಗಿನ ಎಸಿಯ ಕಥೆ ಶುರುವಾಗಿದ್ದೇ ಕಾಗದದ ತೇವದಿಂದ. ನಿಮ್ಮ ಹಿರಿಯ ಮೆಂಬರು ಎಲೆ ತೋರಿಸಿ ಸರಿಯಾದ ರೋಗವನ್ನೇ ಹೇಳಿದ್ದಾರೆ.


ಕಾರ್ಕಳ-ಚರ್ಚ್‌ಗೇಟ್
ಬುಧವಾರ, ರಾತ್ರಿ 11:20

ಊದುಬತ್ತಿ ಹಿಡಿದೆ. ಪೋರ್ಚ್ ಬಾಗಿಲ ಸಂದಿಯಲ್ಲಿ ಹೊಗೆ ಹಗ್ಗದ ಹಾಗೆ ಉದ್ದ ಆಗಿ ಸೀದಾ ಹಾಲ್ ಒಳಗೆ ಹೋಯಿತು. ಸರ್ವಿಸ್ ಬಾಗಿಲಲ್ಲಿ ಹಾಲ್‌ನಿಂದ ಅಡುಗೆಮನೆಗೆ. ಬಾಗಿಲು ಅಡುಗೆಮನೆ ಕಡೆಗೆ ಬಾಗಿಯೇ ನಿಂತಿತ್ತು, ಅವರು ಹೇಳಿದ ಹಾಗೇ. ಹನ್ನೊಂದು ವರ್ಷದಿಂದ ಆ ಬಾಗಿಲಲ್ಲಿ ಓಡಾಡುತ್ತಿದ್ದೇನೆ. ಹಿಂಜ್ ಸಡಿಲ ಆಗಿದೆ ಅಂತಲೇ ತಿಳಿದಿದ್ದೆ.

ಆಮೇಲೆ ಅಡುಗೆಮನೆಯ ಮಾಡಿನ ಮೇಲೆ ಹತ್ತಿದೆ. ಫ್ರೆಶ್ ಏರ್ ಬ್ಲೋಯರ್‌ನ ಮೋಟರ್ ತಿರುಗುತ್ತಿದೆ, ಸದ್ದೂ ಬರುತ್ತಿದೆ. ಆದರೆ ಫ್ಯಾನ್ ನಿಂತಿದೆ. ಎರಡು ಬೆಲ್ಟಿನ ಜಾಗದಲ್ಲಿ ಒಂದೂ ಇಲ್ಲ. ತುಂಡಾದ ಬೆಲ್ಟ್ ಗಾರ್ಡಿನ ಕೆಳಗೆ ಬಿದ್ದು ಕಪ್ಪು ಪುಡಿ ಆಗಿದೆ. ಫಿಲ್ಟರ್ ಮೇಲೆ ಪಾರಿವಾಳದ ಗೂಡು. ಕೆಳಗೆ ಪ್ಯಾನೆಲ್‌ನಲ್ಲಿ ಹಸಿರು ಲೈಟ್ ಉರಿಯುತ್ತಲೇ ಇತ್ತು. ಹನ್ನೆರಡು ತಿಂಗಳ ರಿಪೋರ್ಟಿನಲ್ಲೂ ಅದರ ಮುಂದೆ ಓಕೆ ಅಂತ ಟಿಕ್ ಇದೆ.

ಆ ಹುಡುಗರ ಮೇಲೆ ಸಿಟ್ಟು ಬಂತು ನಿಜ. ಆದರೆ ಕೆಳಗೆ ಸಹಿ ಯಾರದು? ನನ್ನದೇ. ಬೇಸರ ಆಗಿದೆ.


ಚಿಲ್ಲರ್ ಮಾಮ, ಡೊಂಬಿವಲಿ
ಗುರುವಾರ, ಬೆಳಿಗ್ಗೆ 5:50

ಬೇಸರ ಬಿಡು. ಬೆಲ್ಟ್ ಹಾಕುವ ಮುಂಚೆ ನನ್ನ ಮಾತು ಕೇಳು, ಇದು ಎಲ್ಲಕ್ಕಿಂತ ಮುಖ್ಯ.

ನನ್ನ ಎಡಗೈ ತೋರುಬೆರಳಿಗೆ ಮೇಲಿನ ಗೆಣ್ಣು ಇಲ್ಲ. ಲೋವರ್ ಪರೇಲ್‌ನ ಒಂದು ಕಟ್ಟಡದಲ್ಲಿ ಎಎಚ್‌ಯು ಬೆಲ್ಟ್ ಬಿಗಿ ನೋಡುತ್ತಿದ್ದೆ. ಕೆಳಗೆ ಪ್ಯಾನೆಲ್ ಆಫ್ ಮಾಡಿ ಬಂದಿದ್ದೆ. ಯಾರೋ ಎಸಿ ಬಂದ್ ಆಗಿದೆ ಅಂತ ಬಂದು ಆನ್ ಮಾಡಿದರು. ಅವರಿಗೇನು ಗೊತ್ತು ಮೇಲೆ ನನ್ನ ಕೈ ಇದೆ ಅಂತ. ಬೆಲ್ಟಿಗೂ ಪುಲ್ಲಿಗೂ ನಡುವೆ ಬೆರಳು ಹೋಯಿತು. ನೋವು ಗೊತ್ತಾಗಿದ್ದು ಆಮೇಲೆ, ಮೊದಲು ಗೊತ್ತಾಗಿದ್ದು ಸದ್ದು ಬದಲಾಗಿದ್ದು.

ಅದಕ್ಕೆ ಹೇಳುತ್ತೇನೆ. ಐಸೊಲೇಟರ್ (ಆ ಮೋಟರಿನ ಕರೆಂಟನ್ನೇ ಕಡಿಯುವ ಸ್ವಿಚ್) ಆಫ್ ಮಾಡು, ಅದಕ್ಕೆ ಬೀಗ ಹಾಕು, ಕೀಲಿ ನಿನ್ನ ಜೇಬಿನಲ್ಲಿ ಇರಲಿ. ಬೇರೆಯವರ ಕೈಯಲ್ಲಿ ಬೇಡ, ಪ್ಯಾನೆಲ್ ಮೇಲೂ ಬೇಡ. ಆಮೇಲೆ ಒಂದು ಸಲ ಸ್ಟಾರ್ಟ್ ಬಟನ್ ಒತ್ತಿ ನಿಜವಾಗಿ ಬಂದ್ ಆಗಿದೆಯಾ ನೋಡು. ಆಮೇಲೆ ಕೈ ಹಾಕು.

ಎರಡೂ ಬೆಲ್ಟ್ ಒಂದೇ ಸೆಟ್ ತರಬೇಕು. ಹಳೇದೊಂದು ಹೊಸದೊಂದು ಹಾಕಿದರೆ ಹೊಸದೇ ಭಾರ ಎಳೆದು ಬೇಗ ಹೋಗುತ್ತದೆ. ಬೆಲ್ಟನ್ನು ಸ್ಕ್ರೂಡ್ರೈವರಿನಿಂದ ಮೀಟಿ ಹತ್ತಿಸಬಾರದು, ಮೋಟರಿನ ಬೋಲ್ಟ್ ಸಡಿಲಿಸಿ ಹತ್ತಿರ ತಂದು ಹಾಕಬೇಕು. ಎರಡೂ ಪುಲ್ಲಿ ಒಂದೇ ಗೆರೆಯಲ್ಲಿವೆಯಾ ಅಂತ ದಾರ ಹಿಡಿದು ನೋಡು. ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚು ಬಗ್ಗಬೇಕು. ಎರಡು ದಿನ ಓಡಿದ ಮೇಲೆ ಹೊಸ ಬೆಲ್ಟ್ ಸ್ವಲ್ಪ ಸಡಿಲ ಆಗುತ್ತದೆ, ಆಗ ಇನ್ನೊಮ್ಮೆ ಬಿಗಿ ಮಾಡು. ಗಾರ್ಡ್ ವಾಪಸ್ ಹಾಕದೆ ಇಳಿಯಬೇಡ.

ಇನ್ನೊಂದು ಮಾತು. ಆ ಹುಡುಗರು ಸ್ಪ್ಲಿಟ್‌ನ ಔಟ್‌ಡೋರ್ ತೊಳೆಯಲು ಮೂರನೇ ಮಹಡಿ ಕಿಟಕಿಯಿಂದ ಹೊರಗೆ ಇಳಿಯುತ್ತಾರಲ್ಲ, ಅವರಿಗೆ ಬೆಲ್ಟು, ಹಗ್ಗ ಇದೆಯಾ ನೋಡಿದ್ದೀಯಾ? ಅದನ್ನೂ ಎಎಂಸಿಯಲ್ಲಿ ಬರೆಸು. ಕಡಿಮೆ ರೇಟಿನಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ.


ಹುಬ್ಬಳ್ಳಿಯವ, ಪುಣೆ
ಗುರುವಾರ, ಬೆಳಿಗ್ಗೆ 10:15

ಮಾಮಾರ ಮಾತು ಓದಿ ನಮ್ಮ ಸೈಟಿಗೆ ಇವತ್ತೇ ಆರು ಬೀಗ ತರಿಸಿದೆ ನೋಡ್ರಿ.

ಪುಣೆಯ ಅನುಭವ ಸ್ವಲ್ಪ ಬೇರೆ. ಇದು 560 ಮೀಟರ್ ಎತ್ತರದ ಊರು, ಏಪ್ರಿಲ್‌ನಲ್ಲಿ ಒಣ ಬಿಸಿಲು. ನಾನು ನೋಡಿಕೊಳ್ಳುವ ಕ್ಲಬ್‌ನ ಬ್ಯಾಡ್ಮಿಂಟನ್ ಹಾಲ್‌ಗೆ ನೀರಿನ ಡಕ್ಟ್ ಕೂಲರ್ ಸಾಕಾಗುತ್ತದೆ. ಜೂನ್ ಬಂದ ಕೂಡಲೇ ಅದರ ನೀರು ಬಂದ್, ಬರೀ ಗಾಳಿ. ಮುಂಬೈಯವರು ಇದನ್ನು ನೋಡಿ ಅಲ್ಲಿ ಹಾಕಿಸಬೇಡಿ, ಅಲ್ಲಿಯ ಗಾಳಿಗೆ ನೀರು ಸೇರಿಸಿದರೆ ಏನೂ ತಣಿಯುವುದಿಲ್ಲ. ನಮಗೆ ಕಾಟ ಧೂಳಿನದು. ಫಿಲ್ಟರನ್ನು ತಿಂಗಳಿಗೊಮ್ಮೆ ಅಂತ ಬರೆದರೆ ಆಗುವುದಿಲ್ಲ, ಪಕ್ಕದಲ್ಲಿ ಕಟ್ಟಡ ಏಳುತ್ತಿದ್ದರೆ ವಾರಕ್ಕೆ ಎರಡು ಸಲ ಬೇಕು. ಚಳಿಗಾಲದ ಬೆಳಿಗ್ಗೆ ಈಜಿ ಬಂದವರಿಗೆ ಬಿಸಿನೀರು ತಪ್ಪಿದರೆ ಇಡೀ ಕ್ಲಬ್ ನಮ್ಮ ತಲೆ ಮೇಲೆ ಬರುತ್ತದೆ.


ಮಡಗಾಂವ್ ಕರಾವಳಿ
ಗುರುವಾರ, ಮಧ್ಯಾಹ್ನ 3:30

ಗೋವಾದಿಂದ ಒಂದು ಮಾತು, ಚರ್ಚ್‌ಗೇಟ್ ಅಂದರೆ ಸಮುದ್ರ ಹತ್ತಿರವೇ ತಾನೇ. ನಿಮ್ಮ 14 ಸ್ಪ್ಲಿಟ್‌ನ ಔಟ್‌ಡೋರ್ ಸಮುದ್ರದ ಕಡೆ ಮುಖ ಮಾಡಿವೆಯಾ? ಉಪ್ಪು ಗಾಳಿ ತಾಮ್ರದ ಪೈಪು, ಅಲ್ಯೂಮಿನಿಯಂ ರೆಕ್ಕೆ ಸೇರುವ ಜಾಗದಲ್ಲಿ ಕೂರುತ್ತದೆ. ಅಲ್ಲಿ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ನಾನು ಬೀಚ್ ಪಕ್ಕದ ಒಂದು ಕ್ಲಬ್ಬಿನಲ್ಲಿ ನಾಲ್ಕು ವರ್ಷದ ಕಾಯಿಲ್ ಮುಟ್ಟಿದಾಗ ರೆಕ್ಕೆ ಸುಟ್ಟ ಹಪ್ಪಳದ ಹಾಗೆ ಬೆರಳಲ್ಲೇ ಪುಡಿ ಆಯಿತು. ಹದಿನೈದು ದಿನಕ್ಕೊಮ್ಮೆ ಸಿಹಿನೀರಿನಿಂದ ಮೆಲ್ಲಗೆ ತೊಳೆಯಿರಿ. ಜೆಟ್ ಪಂಪ್ ಜೋರು ಮಾಡಿದರೆ ರೆಕ್ಕೆ ಮಡಚಿ ಹೋಗುತ್ತದೆ. ಹೊಸದು ತೆಗೆದುಕೊಳ್ಳುವಾಗ ಕೋಟಿಂಗ್ ಇರುವ ಕಾಯಿಲ್ ಕೇಳಿ. ಹಳೇ ಆರ್-22 ಗ್ಯಾಸಿನ ಮಷಿನ್ ಇದ್ದರೆ ಅದಕ್ಕೆ ಹೊಸ ಕಂಪ್ರೆಸರ್ ಹಾಕಿಸಿ ದುಡ್ಡು ಕಳೆಯಬೇಡಿ. ಆ ಗ್ಯಾಸ್ ದೇಶದಲ್ಲಿ ಹಂತಹಂತವಾಗಿ ನಿಲ್ಲುತ್ತಿದೆ.


ಪರೇಲ್ ಆಸ್ಪತ್ರೆ ಮೆಂಟೆನೆನ್ಸ್
ಗುರುವಾರ, ರಾತ್ರಿ 9:00

ಎಲ್ಲರೂ ಗಾಳಿ ಬಗ್ಗೆ ಹೇಳಿದಿರಿ, ನಾನು ನೀರಿನ ಬಗ್ಗೆ ಹೇಳುತ್ತೇನೆ. ಹೀಟ್ ಪಂಪಿನ ಟ್ಯಾಂಕ್ ಎಷ್ಟು ಡಿಗ್ರಿ ಇಟ್ಟಿದ್ದೀರಿ? ಕರೆಂಟ್ ಉಳಿಸೋಣ ಅಂತ 42, 45 ಇಟ್ಟಿದ್ದರೆ ದಯವಿಟ್ಟು ಬದಲಾಯಿಸಿ. ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುವುದು ಅಂಥ ಉಗುರುಬೆಚ್ಚಗಿನ ನೀರಿನಲ್ಲೇ. ಶವರಿನ ಸಣ್ಣ ಹನಿ ಜತೆ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಬರುತ್ತದೆ. ಕ್ಲಬ್‌ನಲ್ಲಿ ವಯಸ್ಸಾದ ಮೆಂಬರುಗಳೇ ಜಾಸ್ತಿ ಅಲ್ವಾ? ಟ್ಯಾಂಕಿನಲ್ಲಿ 60 ಇರಲಿ, ಶವರ್ ಹತ್ತಿರ ಮಿಕ್ಸಿಂಗ್ ವಾಲ್ವ್ ಹಾಕಿ ತಣ್ಣೀರು ಬೆರೆಸಿ.

ಕೂಲಿಂಗ್ ಟವರಿಗೂ ಇದೇ ಮಾತು. ಈ ರೋಗಕ್ಕೆ ಹೆಸರು ಬಂದದ್ದೇ 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಂದು ಹೋಟೆಲ್‌ನಲ್ಲಿ ಮಾಜಿ ಸೈನಿಕರ ಸಮ್ಮೇಳನಕ್ಕೆ ಬಂದವರು ಕಾಯಿಲೆ ಬಿದ್ದ ಮೇಲೆ. ಟವರಿನ ತೊಟ್ಟಿಯಲ್ಲಿ ಪಾಚಿ, ಕೆಸರು ಇರಬಾರದು. ತಳದ ಕೆಸರನ್ನು ತೆಗೆಯದೆ ಮೇಲೆ ಕೆಮಿಕಲ್ ಸುರಿದರೆ ಪ್ರಯೋಜನ ಇಲ್ಲ.

ನೀರಿನ ಲೆಕ್ಕವೂ ಇಡಿ. 80 ಟನ್ ಚಿಲ್ಲರ್ ಫುಲ್ ಲೋಡಿನಲ್ಲಿ ಓಡಿದರೆ ಟವರಿನಿಂದ ಗಂಟೆಗೆ 500 ಲೀಟರ್‌ಗಿಂತ ಜಾಸ್ತಿ ಆವಿಯಾಗುತ್ತದೆ. ಉಪ್ಪು ಗಟ್ಟಿಯಾಗದ ಹಾಗೆ ಬಿಡುವ ನೀರೂ ಸೇರಿ ಹನ್ನೆರಡು ಗಂಟೆಗೆ ಹತ್ತಿರ ಹತ್ತಿರ ಒಂದು 10,000 ಲೀಟರಿನ ಟ್ಯಾಂಕರ್. ಬೋರ್‌ವೆಲ್ ಟ್ಯಾಂಕರ್ ನೀರಾದರೆ ಗಡಸು ಜಾಸ್ತಿ, ಕಂಡೆನ್ಸರ್ (ಗ್ಯಾಸಿನ ಶಾಖ ಟವರ್ ನೀರಿಗೆ ಹೋಗುವ ಭಾಗ) ಟ್ಯೂಬಿನ ಒಳಗೆ ಪಾತ್ರೆ ತಳದಲ್ಲಿ ಕೂರುವ ಹಾಗೆ ಬಿಳಿ ಪದರ ಕೂರುತ್ತದೆ.


ಥಾಣೆ ಡಿಸೈನರ್
ಶುಕ್ರವಾರ, ಬೆಳಿಗ್ಗೆ 8:45

ಹೌದು, ಆ ಪದರವನ್ನು ಅಂಕಿಯಿಂದಲೇ ಹಿಡಿಯಬಹುದು. ಕಂಡೆನ್ಸರ್‌ನಿಂದ ಹೊರಡುವ ನೀರು 37 ಇದ್ದು, ಗೇಜಿನಲ್ಲಿ ಗ್ಯಾಸಿನ ಉಷ್ಣತೆ 39 ಇದ್ದರೆ ವ್ಯತ್ಯಾಸ 2. ಟ್ಯೂಬ್ ಬ್ರಷ್ ಮಾಡಿಸಿದ ದಿನ ಎಷ್ಟಿತ್ತು ಬರೆದಿಡಿ. ಅದು 5ಕ್ಕೆ ಹೋಯಿತು ಅಂದರೆ ಟ್ಯೂಬ್ ಕೊಳೆಯಾಗಿದೆ. ಗ್ಯಾಸಿನ ಆ ಉಷ್ಣತೆ ಒಂದು ಡಿಗ್ರಿ ಏರಿದರೆ ಕಂಪ್ರೆಸರ್ ಕರೆಂಟ್ 2ರಿಂದ 3 ಪರ್ಸೆಂಟ್ ಏರುತ್ತದೆ. ಖಜಾಂಚಿಯವರು ಕೇಳಿದ ಉತ್ತರ ಇಲ್ಲಿದೆ. ಎಎಂಸಿಯಲ್ಲಿ ಉಳಿಸಿದ್ದು ಕರೆಂಟ್ ಬಿಲ್‌ನಲ್ಲಿ ಹೋಗುತ್ತದೆ.

ಎಎಂಸಿ ಪತ್ರಕ್ಕೆ ಬರುತ್ತೇನೆ. 12 ವಿಸಿಟ್ ಅನ್ನುವ ಮಾತನ್ನೇ ತೆಗೆಯಿರಿ. ವಿಸಿಟ್ ಅಂದರೆ ಬಂದು ಚಹಾ ಕುಡಿದು ಹೋದರೂ ವಿಸಿಟೇ. ಅದರ ಬದಲು ಪ್ರತಿ ತಿಂಗಳು ಏನೇನು ಅಳೆದು ಬರೆಯಬೇಕು ಅಂತ ಹಾಕಿ: ನೀರಿನ ಉಷ್ಣತೆ, ಆಂಪಿಯರ್, ಪ್ರತಿ ಎಎಚ್‌ಯುನ ಗಾಳಿಯ ಉಷ್ಣತೆ, ಹಾಲ್ ಮತ್ತು ಕಾರ್ಡ್ ರೂಮಿನ ತೇವ, ಟವರ್ ನೀರಿನ ಟಿಡಿಎಸ್ (ನೀರಲ್ಲಿ ಕರಗಿದ ಉಪ್ಪಿನ ಅಳತೆ). ಟಿಕ್ ಮಾರ್ಕ್ ಒಪ್ಪುವುದಿಲ್ಲ, ಅಂಕಿಯೇ ಬೇಕು. ಗ್ಯಾಸ್ ಕಿಲೋ ಲೆಕ್ಕದಲ್ಲಿ, ಸೋರಿಕೆ ಹುಡುಕದೆ ಹಾಕುವಂತಿಲ್ಲ. ಟ್ಯೂಬ್ ಕ್ಲೀನಿಂಗ್ ವರ್ಷಕ್ಕೆ ಎಷ್ಟು ಸಲ, ಯಾವ ತಿಂಗಳು ಅಂತ ಬರೆಸಿ. ಮೇ ಕೊನೆಯೊಳಗೆ ಎಲ್ಲ ಡ್ರೈನ್ ಟ್ರೇ, ಡ್ರೈನ್ ಪೈಪ್ ತೊಳೆದಿರಬೇಕು. ಅಡುಗೆಮನೆಯ ಎಕ್ಸಾಸ್ಟ್, ಫ್ರೆಶ್ ಏರ್ ಎರಡೂ ಇದೇ ಎಎಂಸಿಯೊಳಗೆ ಬರಬೇಕು. ಬಹಳ ಕ್ಲಬ್‌ಗಳಲ್ಲಿ ಅದು ಕೇಟರಿಂಗ್‌ನವರದು ಅಂತ ಇವರು, ಎಸಿಯವರದು ಅಂತ ಅವರು ಬಿಟ್ಟಿರುತ್ತಾರೆ. ಕಾಂಪ್ರಿಹೆನ್ಸಿವ್ (ಬಿಡಿಭಾಗವೂ ಸೇರಿ) ಅಂತ ಬರೆದಿದ್ದರೆ ಯಾವ ಭಾಗ ಸೇರಿಲ್ಲ ಅನ್ನುವ ಪುಟವನ್ನು ಮೊದಲು ಓದಿ.

ಮತ್ತೆ ಎರಡೂ ಬ್ಲೋಯರ್ ಇಂಟರ್‌ಲಾಕ್ ಮಾಡಿಸಿ, ಒಂದು ನಿಂತರೆ ಇನ್ನೊಂದೂ ನಿಲ್ಲುವ ಹಾಗೆ, ಗಾಳಿ ಒತ್ತಡ ನೋಡುವ ಸ್ವಿಚ್ ಸಮೇತ. ಬೆಲ್ಟ್ ತುಂಡಾದರೆ ಪ್ಯಾನೆಲ್‌ನಲ್ಲಿ ಕೆಂಪು ಬರಬೇಕು. ಮೋಟರ್ ತಿರುಗಿದರೆ ಹಸಿರು ಅನ್ನುವುದೇ ನಿಮಗೆ ಮೋಸ ಮಾಡಿದ್ದು.


ಮಾಟುಂಗಾ ಅಡುಗೆಮನೆ
ಶುಕ್ರವಾರ, ಮಧ್ಯಾಹ್ನ 4:20

ಮೇಡಂ, ಇಂಟರ್‌ಲಾಕ್ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಆ ಬ್ಲೋಯರಿನ ಬಾಯಿ ಅಡುಗೆಯವನ ಕತ್ತಿನ ಮೇಲಿಂದ ತಿರುಗಿಸಿ. ಇಲ್ಲದಿದ್ದರೆ ಅವರು ರಟ್ಟು ಇಟ್ಟು ಮುಚ್ಚುತ್ತಾರೆ, ನಾವೂ ಮುಚ್ಚಿದ್ದೇವೆ. ನಮ್ಮಲ್ಲಿ ಆಮೇಲೆ ಹುಡ್‌ನ ಮುಂಭಾಗದಿಂದ ನಿಧಾನಕ್ಕೆ ಗಾಳಿ ಇಳಿಯುವ ಹಾಗೆ ತೂತಿನ ತಗಡು ಹಾಕಿಸಿದರು. ಅಂದಿನಿಂದ ಯಾರೂ ಸ್ವಿಚ್ ಮುಟ್ಟಲಿಲ್ಲ.


ಥಾಣೆ ಡಿಸೈನರ್
ಶುಕ್ರವಾರ, ಸಂಜೆ 6:00

ಇದನ್ನು ನಾನು ಹೇಳಬೇಕಿತ್ತು, ನೀವು ಹೇಳಿದಿರಿ. ನನ್ನ ಮುಂದಿನ ಡ್ರಾಯಿಂಗಿನಲ್ಲಿ ಒಲೆ ಮುಂದೆ ನಿಲ್ಲುವವರನ್ನು ಕೇಳಿಯೇ ಬಾಯಿ ಗುರುತಿಸುತ್ತೇನೆ.


ಕಾರ್ಕಳ-ಚರ್ಚ್‌ಗೇಟ್
ಭಾನುವಾರ, ರಾತ್ರಿ 11:40

ತಡ ಆಯಿತು, ಕ್ಷಮಿಸಿ. ನಿನ್ನೆ ಬೆಲ್ಟ್ ತಂದೆ. ಐಸೊಲೇಟರಿಗೆ ಬೀಗ ಹಾಕಿ ಕೀಲಿ ಜೇಬಿಗೆ ಹಾಕಿಕೊಂಡೆ ಮಾಮ. ನಾನು ಮೇಲೆ ಇರುವಾಗ ಸೂಪರ್‌ವೈಸರ್ ಬಂದು ಬ್ಲೋಯರ್ ಯಾಕೆ ಆನ್ ಆಗುತ್ತಿಲ್ಲ ಅಂತ ಕೆಳಗಿಂದ ಕೂಗಿದ. ಅವನು ನಿಜವಾಗಿ ಆನ್ ಮಾಡಲು ನೋಡಿದ್ದ. ಬೀಗ ಇತ್ತು. ನನ್ನ ಎರಡೂ ಕೈ ಆಗ ಪುಲ್ಲಿ ಮೇಲೇ ಇದ್ದವು.

ಗೂಡಿನಲ್ಲಿ ಮೊಟ್ಟೆ ಇರಲಿಲ್ಲ, ತೆಗೆದೆವು. ಫಿಲ್ಟರ್ ಹೊಸದು. ಬ್ಲೋಯರಿನ ಬಾಯಿಗೆ ತೂತಿನ ತಗಡು ಮಾಡಿಸಲು ಫ್ಯಾಬ್ರಿಕೇಟರಿಗೆ ಅಳತೆ ಕೊಟ್ಟಿದ್ದೇನೆ, ಕಾವಲಿ ಹತ್ತಿರ ನಿಲ್ಲುವ ಅಣ್ಣನನ್ನೂ ಜತೆಗೆ ನಿಲ್ಲಿಸಿಕೊಂಡು. ಟ್ಯಾಂಕ್ 48 ಇತ್ತು, 60 ಮಾಡಿದೆ. ಮಿಕ್ಸಿಂಗ್ ವಾಲ್ವ್ ಬರುವವರೆಗೆ ನೀರು ತುಂಬಾ ಬಿಸಿ ಅಂತ ಶವರ್ ಹತ್ತಿರ ಬೋರ್ಡ್ ಹಾಕಿ ಒಬ್ಬ ಹುಡುಗನನ್ನು ಇಟ್ಟಿದ್ದೇನೆ.

ಮಂಗಳವಾರ ಕಮಿಟಿ ಮೀಟಿಂಗ್. ಮೂರು ಕೊಟೇಶನ್ ವಾಪಸ್ ಮಾಡಿ, ನಾವು ಬರೆದ ಕೆಲಸಕ್ಕೆ ಹೊಸ ರೇಟ್ ಕೇಳಲು ಅನುಮತಿ ಕೇಳುತ್ತೇನೆ. ತುಂಡಾದ ಬೆಲ್ಟನ್ನೂ, ಟಿಕ್ ಹಾಕಿದ ಹನ್ನೆರಡು ರಿಪೋರ್ಟನ್ನೂ ಜತೆಗೆ ತೆಗೆದುಕೊಂಡು ಹೋಗುತ್ತೇನೆ.

ಇವತ್ತು ಹಾಲ್‌ನಲ್ಲಿ ನಾಮಕರಣ ಇತ್ತು. ಮಳೆ ಬೆಳಿಗ್ಗೆಯಿಂದ ಬಿಟ್ಟಿರಲಿಲ್ಲ. ಥರ್ಮೋಸ್ಟಾಟ್ 24ಕ್ಕೆ ಇಟ್ಟೆ. ಮಧ್ಯಾಹ್ನ ಒಂದು ಗಂಟೆಗೆ ತೇವ 61 ಇತ್ತು, ಊಟದ ಹೊತ್ತಿಗೆ 59. ಗ್ರಿಲ್ ಒಣಗಿತ್ತು. ಸರ್ವಿಸ್ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಎಲ್ಲರೂ ಹೋದ ಮೇಲೆ ಪೋರ್ಚ್ ಬಾಗಿಲ ಸಂದಿಯಲ್ಲಿ ಊದುಬತ್ತಿ ಹಿಡಿದೆ. ಹೊಗೆ ಸ್ವಲ್ಪ ಹೊತ್ತು ನೇರ ನಿಂತು, ಮೆಲ್ಲಗೆ ಹೊರಗೆ ಮಳೆ ಕಡೆ ಹೋಯಿತು.